ಚಳಿ ತಿಂದ ಪೆಟ್ರೋಲು

ಇವತ್ತು ಬೆಳಿಗ್ಗೆ ಬಂಕಿನ ಬಾಗಿಲು ತೆಗೆದಾಗ ಪರದೆಯ ಮೇಲೆ ಕೆಂಪು ಗೆರೆಯೊಂದು ಮಿನುಗುತ್ತಿತ್ತು. ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿದೆ ಎಂದು ಈಗ ಆ ಪರದೆಯೇ ಹೇಳುತ್ತದೆ. ಮಾರಿದ್ದಕ್ಕಿಂತ ಹೆಚ್ಚು ಇಳಿದರೆ ಹೀಗೆ ಕೆಂಪಾಗುತ್ತದೆ. ಅದನ್ನು ಕೂರಿಸಿದವರಿಗೆ ಕೊಯಮತ್ತೂರಿಗೆ ಫೋನ್ ಮಾಡಿದರೆ, "ನಿಮ್ಮೂರ ಕುಳಿರಿಗೆ ಹಾಗೇ ಸಾರ್, ವಿಡುಂಗ" ಎಂದು ಚಳಿಯ ಮೇಲೆ ಹಾಕಿ, ಬಿಟ್ಟುಬಿಡಿ ಅಂದರು. ಆದರೆ ಪೆಟ್ರೋಲಿನ ಲೋಡು ಬಂದು ವಾರವಾಗಿದೆ, ಚಳಿಗೆ ಇಳಿಯುವುದಿದ್ದರೆ ಆಗಲೇ ಇಳಿದಿರಬೇಕು. ಫೋನ್ ಇಟ್ಟವನೇ ಮೂಲೆಯಲ್ಲಿ ಮಡಚಿಟ್ಟಿದ್ದ ಕಬ್ಬಿಣದ ಕುರ್ಚಿಯ ಕಡೆ ನೋಡಿದೆ. ಅದು ನನ್ನ ಮಾಮಿಯ ಕುರ್ಚಿ.

ನಿಮಗೆ ಈ ಚಳಿಯ ವಿಷಯ ಸ್ವಲ್ಪ ಹೇಳಬೇಕು. ಬಯಲಿನ ಬಿಸಿಲಲ್ಲಿ ತುಂಬಿಸಿಕೊಂಡು ಘಾಟಿ ಹತ್ತಿ ಬರುವ ಪೆಟ್ರೋಲು ನಮ್ಮ ಕೋತಗಿರಿಯ ನೆಲದ ತಂಪಿಗೆ ಒಂದಿಷ್ಟು ಕುಗ್ಗುತ್ತದೆ. ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣವೊಂದು ಕೈಗೆ ಸಿಕ್ಕಿತೆಂದರೆ ನಾವು ಅದನ್ನೇ ಎಲ್ಲದಕ್ಕೂ ಹೊದಿಸಿಬಿಡುತ್ತೇವೆ. ಬೆಟ್ಟದ ಮೇಲೆ ಬಂಕು ನಡೆಸುವವರಿಗೆ ಮಾತ್ರ ಸಿಗುವ ಸೌಲಭ್ಯ ಇದು.

ಎಷ್ಟೋ ವರ್ಷಗಳ ಹಿಂದೆ ಈ ಬಂಕು ನನ್ನ ಮಾಮನದು, ಎಂದರೆ ತಾಯಿಯ ಅಣ್ಣನದು. ಚರಿತ್ರೆಯಲ್ಲಿ ಬಿ.ಎ. ಮಾಡಿ ಎಲ್ಲೂ ಕೆಲಸ ಸಿಗದ ನನಗೆ ಅಲ್ಲಿ ಡಿಪ್ ಹಾಕುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು, ಅಳತೆ ಕೋಲು ಇಳಿಸಿ, ಒದ್ದೆ ಎಲ್ಲಿಯವರೆಗಿದೆ ಎಂದು ಓದಬೇಕು. ಕೇಳಲು ಸುಲಭ. ಮಂಜಿನಲ್ಲಿ ನನ್ನ ಕನ್ನಡಕ ಮಬ್ಬಾಗುತ್ತಿತ್ತು, ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಕೋಲಿನ ಮೇಲಿನ ಪೆಟ್ರೋಲು ಆರಿಹೋಗುತ್ತಿತ್ತು. ಮತ್ತೆ ಇಳಿಸು, ಮತ್ತೆ ಒರೆಸು. ಮಧ್ಯಾಹ್ನದ ಅನ್ನಕ್ಕೂ ಪೆಟ್ರೋಲಿನ ವಾಸನೆ. ಅಂತೂ ಓದಿ ಕೂಗಿದರೆ ಮಾಮ ತಲೆಯೆತ್ತದೆ ಹೇಳುತ್ತಿದ್ದ, "ಕಮ್ಮಿಯಾ? ಕುಳಿರು ತಿಂದದ್ದು. ಬರಕೋ."

ಒಂದು ಬೆಳಿಗ್ಗೆ ಕಾಫಿ ತಂದಿದ್ದ ಮಾಮಿ ಈ ಮಾತು ಕೇಳಿಸಿಕೊಂಡಳು. ಇಬ್ಬನಿ ಹೆಪ್ಪುಗಟ್ಟುವ ತಿಂಗಳು ಕಳೆದು ಊಟಿಗೆ ಸೀಸನ್ ಶುರುವಾಗಿ, ರಸ್ತೆ ತುಂಬ ಪ್ರವಾಸಿಗರ ಕಾರು. ಬಿಸಿಲು ಬೆನ್ನು ಸುಡುತ್ತಿತ್ತು. ಮಾಮಿ ಲೋಟ ಕೆಳಗಿಟ್ಟು ಕೇಳಿದಳು, "ಪನಿ ಬೀಳೋ ತಿಂಗಳೆಲ್ಲ ಹೋತು. ಇನ್ನೂ ಆ ಕುಳಿರಿಗೆ ಹೊಟ್ಟೆ ತುಂಬಲಿಲ್ಲೆಯಾ?"

ಮಾಮ ನಕ್ಕ. ಮಾಮಿ ನಗಲಿಲ್ಲ. ಬಂಕಿನ ಕೆಳಗೆ ಟೀ ತೋಟ, ಅದರ ಕೆಳಗೆ ನಮ್ಮ ಹಟ್ಟಿಯವರೆಲ್ಲ ಕುಡಿಯುವ ಒರತೆ. ಚಪ್ಪಲಿ ಬಿಟ್ಟು ಇಳಿಯಬೇಕಾದ ಜಾಗ ಅದು. ನಮ್ಮಲ್ಲಿ ಮದುವೆಯಾಗಿ ಬಂದ ಹೆಣ್ಣು ಆ ಒರತೆಯಿಂದ ಒಂದು ಕೊಡ ನೀರು ತಂದು ಮನೆಯೊಳಗಿಟ್ಟ ಮೇಲೆಯೇ ಆ ಮನೆಯವಳಾಗುವುದು. ಮಾಮಿಯೂ ಹಾಗೆಯೇ ಆದವಳು. ಸೀಸನ್ ಮುಗಿದ ಮೇಲೆ ಅವಳ ಮಗನ ಮದುವೆಯಿತ್ತು.

ಪೆಟ್ರೋಲು ಇಳಿಸುತ್ತಿರುವುದು ಚಳಿಯೋ ಟ್ಯಾಂಕಿನ ತೂತೋ ಎಂದು ತಿಳಿಯುವ ದಾರಿ ಮಾಮನಿಗೂ ಗೊತ್ತಿತ್ತು. ಮಾರಾಟ ನಿಲ್ಲಿಸಿ, ಟ್ಯಾಂಕನ್ನು ಅದರ ಪಾಡಿಗೆ ಬಿಟ್ಟು, ಸಂಜೆಯೊಮ್ಮೆ ಬೆಳಿಗ್ಗೆಯೊಮ್ಮೆ ಅಳೆಯಬೇಕು. ತಣ್ಣಗಾಗಿ ಮಲಗಿದ ಪೆಟ್ರೋಲು ಮತ್ತೆ ಕುಗ್ಗುವುದಿಲ್ಲ. ಕಷ್ಟವಿದ್ದದ್ದು ನಿಲ್ಲಿಸುವುದರಲ್ಲಿ.

"ಸೀಸನಲ್ಲಿ ಬಂಕು ಮುಚ್ಚಿದರೆ ಜನ ನಗೋದಿಲ್ಲೆಯಾ?" ಎಂದ ಮಾಮ.

"ನಗಲಿ. ಬರೋ ಹೆಣ್ಣು ಕೊಡದಲ್ಲಿ ಏನ ಹೊತ್ತು ತರೋದು? ನಿನ್ನ ಪೆಟ್ರೋಲಾ?"

ಮಾತು ಅಲ್ಲಿಗೇ ಮುಗಿಯಿತೆಂದು ಮಾಮ ಅಂದುಕೊಂಡ. ಮರುದಿನ ನಾವು ಬರುವ ಹೊತ್ತಿಗೆ ಪಂಪಿನ ಮುಂದೆ ಈ ಕಬ್ಬಿಣದ ಕುರ್ಚಿ, ಕುರ್ಚಿಯ ಮೇಲೆ ತಲೆಗೆ ಬಿಳಿ ಬಟ್ಟೆ ಕಟ್ಟಿದ ಮಾಮಿ, ಅವಳ ಮಡಿಲಲ್ಲಿ ಹೆಣೆಯುತ್ತಿದ್ದ ಸ್ವೆಟರು. ಕಾರುಗಳು ಹಾರ್ನ್ ಹೊಡೆದವು. ಅವಳು ಉಲ್ಲನ್ ಉಂಡೆ ಬಿಚ್ಚಿಕೊಂಡಳು. ಮಾಮ ಬೇಡಿದ, ಗದರಿದ, ಕೊನೆಗೆ ನನ್ನನ್ನು ಕಳಿಸಿದ. ನಾನು ಹೋಗಿ ಅವಳ ಉಂಡೆ ಹಿಡಿದುಕೊಂಡು ನಿಂತೆ. ರಾಯಭಾರಿಯಾಗಿ ನನ್ನ ಯೋಗ್ಯತೆ ಅಷ್ಟೇ.

ಇಡೀ ದಿನ ಮಾರಾಟ ನಿಂತಿತು, ಸಂಜೆ ಒಮ್ಮೆ ಅಳೆದು ಬರೆದಿಟ್ಟೆ. ಮಾರನೆಯ ಬೆಳಿಗ್ಗೆ ಡಿಪ್ ಹಾಕಿದಾಗ ಮಟ್ಟ ಇಳಿದಿತ್ತು. ನನ್ನ ಕನ್ನಡಕವನ್ನು ನಂಬದ ಮಾಮ ತಾನೇ ಕೋಲು ಇಳಿಸಿ ನೋಡಿದ. ಕೋಲನ್ನು ಒರೆಸಿ ಇನ್ನೊಮ್ಮೆ ಇಳಿಸಿದ. ಆಮೇಲೆ ಟ್ಯಾಂಕು ಖಾಲಿ ಮಾಡಿಸಲು ಫೋನ್ ಮಾಡಿದ.

ಅಗೆದಾಗ ಟ್ಯಾಂಕಿನ ತಳದ ಮೂಲೆ ತುಕ್ಕು ಹಿಡಿದು ತೂತಾಗಿತ್ತು. ಮಣ್ಣಿನಲ್ಲಿ ಪೆಟ್ರೋಲಿನ ವಾಸನೆ ಟೀ ತೋಟದ ಮೊದಲ ಸಾಲನ್ನೂ ದಾಟಿತ್ತು. ಮಾಮ ಅಲ್ಲೇ ಚಪ್ಪಲಿ ಬಿಟ್ಟು ಇಳಿಜಾರಿನಲ್ಲಿ ಓಡಿದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒರತೆಯ ಮುಂದೆ ಮಂಡಿಯೂರಿ, ಬೊಗಸೆಯಲ್ಲಿ ನೀರೆತ್ತಿ ಮೂಸಿದ, ಮತ್ತೆ ಮೂಸಿದ.

"ನೀರೇ, ನೀರೇ" ಎಂದ. ನನಗೆ ಅಳು ಬಂತು.

ಮಾಮಿಗೆ ಅದು ಸಾಲಲಿಲ್ಲ. ನೀರನ್ನು ಪರೀಕ್ಷೆಗೆ ಕಳಿಸಿ, ಸರಿಯಿದೆ ಎಂಬ ಉತ್ತರ ಬಂದ ಮೇಲೆಯೇ ಮದುವೆಗೆ ಕೊಡ ತೊಳೆದಳು. ಸೊಸೆ ನೀರು ಹೊತ್ತು ಹತ್ತುವಾಗ ಮಾಮಿ ಹೆಣ್ಣನ್ನು ನೋಡಲಿಲ್ಲ, ಕೊಡವನ್ನೇ ನೋಡುತ್ತಿದ್ದಳು.

ಮಾಮ, ಮಾಮಿ ಇಬ್ಬರೂ ಈಗ ಇಲ್ಲ. ಅವರ ಮಗ ತನಗೆ ಟೀ ತೋಟವೊಂದೇ ಸಾಕೆಂದ. ಬಂಕು ನನಗೆ ಬಂತು, ಜೊತೆಗೆ ಕುರ್ಚಿಯೂ. ಕೆಳಗಿನ ಒರತೆಯಿಂದ ಹಟ್ಟಿ ಇವತ್ತೂ ಕುಡಿಯುತ್ತದೆ. ಈಗ ಮತ್ತೆ ಸೀಸನ್. ರಸ್ತೆಯಲ್ಲಿ ಕಾರುಗಳ ಸಾಲು, ಪರದೆಯ ಮೇಲೆ ಕೆಂಪು ಗೆರೆ. ನಾನು ಕುರ್ಚಿಯ ಧೂಳು ಕೊಡವಿ ಪಂಪಿನ ಮುಂದೆ ಬಿಡಿಸಿ ಕೂತಿದ್ದೇನೆ. ಹೆಣೆಯಲು ಬಾರದು, ಸುಮ್ಮನೆ ಕೈ ಕಟ್ಟಿಕೊಂಡಿದ್ದೇನೆ.

ಮೊದಲ ಕಾರಿನವನು ಹಾರ್ನ್ ಹೊಡೆದು ಸಾಕಾಗಿ ಗಾಜು ಇಳಿಸಿದ.

"ಏನ್ ಸಾರ್, ಪೆಟ್ರೋಲ್ ಇಲ್ವಾ?"

"ಇದೆ," ಎಂದೆ. "ಎಲ್ಲಿದೆ ಅಂತ ನೋಡ್ತಾ ಇದ್ದೇನೆ."