ಬಲಗೈಯ ಹೆಸರು

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಚರ್ಮದಿಂದ ಅದನ್ನು ಕೀಳಿಸಲು ಪಟ್ಟ ಪಾಡು ನನಗೇ ಗೊತ್ತು. ಈಗ ಕಾಗದದ ಮೇಲೆ ನನ್ನ ಕೈಯಾರೆ ಬರೆಯಲು ನನಗೇನು ಹುಚ್ಚು ಹಿಡಿದಿಲ್ಲ. ಗಂಡನ ಹೆಸರು, ಅಷ್ಟು ತಿಳಿದರೆ ಸಾಕು.

ನಮ್ಮೂರು ಕಲ್ಲೂರು. ಅಪ್ಪ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ನಮ್ಮ ಕೇರಿಯಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲ ಹುಡುಗಿ ನಾನು. ಪಾಸಾದ ಬೇಸಿಗೆಯಲ್ಲೇ ನನ್ನನ್ನು ದೇವದುರ್ಗದ ಒಬ್ಬ ಲಾರಿ ಡ್ರೈವರನಿಗೆ ಕೊಟ್ಟರು. ಎಪ್ಪತ್ತರ ದಶಕದ ನಡುವಿನ ಮಾತು. ಓದಿದ ಹುಡುಗಿ ಅಂತ ಅತ್ತೆಗೆ ಮೊದಲ ದಿನದಿಂದಲೇ ನನ್ನ ಮೇಲೆ ಗುಮಾನಿ.

ಮದುವೆಯ ನಂತರದ ಮೊದಲ ಸಂತೆಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೋದಳು. ಬಳೆ ಇಡಿಸುತ್ತಾಳೆ ಅಂದುಕೊಂಡೆ. ಬಳೆಗಾರರ ಸಾಲು ದಾಟಿ, ಮೆಣಸಿನಕಾಯಿ ರಾಶಿ ದಾಟಿ, ಹಚ್ಚೆ ಹಾಕುವವನ ಮುಂದೆ ನಿಲ್ಲಿಸಿದಳು. ಹಚ್ಚೆ ನನಗೆ ಹೊಸದಲ್ಲ. ಅವ್ವನ ಕೈಮೇಲೂ ಇತ್ತು, ಸೂಜಿಯಿಂದ ಚುಚ್ಚಿದ ಹಸಿರು ಚುಕ್ಕೆಗಳು. ಅವು ಯಾರ ಹೆಸರೂ ಅಲ್ಲ. ಇವನ ಬಳಿ ಇದ್ದದ್ದು ಬ್ಯಾಟರಿಗೆ ಜೋಡಿಸಿದ ಮಷಿನ್ನು, ಪಕ್ಕದಲ್ಲಿ ಹಸಿರು, ಕೆಂಪು, ಹಳದಿ ಬಣ್ಣದ ಬಟ್ಟಲುಗಳು. ದೇವದುರ್ಗಕ್ಕೆ ಆಗಷ್ಟೇ ಬಂದ ಶೋಕಿ.

"ನನ್ನ ಮಗನ ಹೆಸರು ಬರಿ. ಎರಡೂ ಕಡಿ ಕೆಂಪು ಗುಲಾಬಿ ಹಾಕು," ಅಂದಳು ಅತ್ತೆ.

ನಾನು ಎಡಗೈ ಚಾಚಿದೆ. ಅವಳು ಬಲಗೈ ಎಳೆದು ಅವನ ಮುಂದಿಟ್ಟಳು.

"ಬಲಗೈಗೇ ಹಾಕು. ಉಣ್ಣಾಗೊಮ್ಮೆ ಕಣ್ಣಿಗೆ ಬೀಳಬೇಕು, ಯಾರ ಅನ್ನ ಉಣ್ಣಾಕತ್ತೀನಿ ಅಂತ."

ಮಣಿಕಟ್ಟಿನ ಮೇಲಿಂದ ಮೊಳಕೈವರೆಗೂ ಆ ಮಷಿನ್ನು ಗುಂಯ್‌ಗುಡುತ್ತ ಓಡಿತು. ಗಂಡ ಪಕ್ಕದಲ್ಲಿ ನಿಂತು ಬೀಡಿ ಸೇದುತ್ತಿದ್ದ. ಒಂದು ಅಕ್ಷರ ಸೊಟ್ಟಗಾಯಿತೆಂದು ಮಷಿನ್ನಿನವನಿಗೆ ಬೈದ. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ನಕ್ಕ. ನಾನಿನ್ನೂ ಚಿಕ್ಕವಳು, ತಮಾಷೆ ಮಾಡಿದರೆ ಸಲಿಗೆ ಬೆಳೆಯುತ್ತದೆ ಅಂತ ನಂಬಿದ್ದವಳು. "ನೀವೂ ನನ್ನ ಹೆಸರು ಬರಸ್ಕೊಳ್ರಿ," ಅಂದೆ.

"ಗಂಡಸಿನ ಕೈಮ್ಯಾಲೆ ಹೆಂಗಸಿನ ಹೆಸರೇನಬೇ?" ಅಂದು ನೆಲಕ್ಕೆ ಉಗುಳಿದ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತ ನಮಗೆ ಕಲಿಸಿದವರು ಇವರೇ. ಬಾಯಿಗೆ ಬರಬಾರದ ಹೆಸರನ್ನು ಕೈಗೆ ಕೊರೆಸಿದವರೂ ಇವರೇ.

ಆ ಮನೆಯ ವರ್ಷಗಳ ಬಗ್ಗೆ ಹೆಚ್ಚು ಹೇಳಲಾರೆ. ಹೊಡೆತದ ಕಥೆಗಳೆಲ್ಲ ಒಂದೇ ಥರ. ಕೊನೆಗೊಂದು ದಿನ ಅವನು ಯಾಪಲದಿನ್ನಿ ಕಡೆಯ ಒಬ್ಬಳನ್ನು ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬಂದ. ಅತ್ತೆ ಅವಳಿಗೆ ಆರತಿ ಎತ್ತಿದಳು. ನನಗೆ ರೊಟ್ಟಿ ಬಡಿಯಲು ಹೇಳಿದಳು. ನಾನು ಹಿಟ್ಟಿನ ಪರಾತವನ್ನು ಅಂಗಳಕ್ಕೆ ಬೋರಲು ಹಾಕಿ, ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದೆ.

ಕಲ್ಲೂರಿಗೆ ಅವರು ಹಿರಿಯರನ್ನು ಕಟ್ಟಿಕೊಂಡು ಬಂದರು. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಪಂಚಾಯಿತಿ ಕೂತಿತು. ಗಂಡ ಎದ್ದು ಬಂದು, ನನ್ನ ಬಲಗೈ ಹಿಡಿದು, ಎಲ್ಲರಿಗೂ ಕಾಣುವಂತೆ ಮೇಲೆತ್ತಿದ.

"ಓದ್ರಿ. ಯಾರ ಮಾಲು ಅಂತ ಬರದದ ಇಲ್ಲೇ."

ಹಿರಿಯರು ಓದಿದರು. ಓದು ಬಾರದವರೂ ಓದಿದವರಂತೆ ತಲೆಯಾಡಿಸಿದರು. "ಹೆಸರು ಬರಸ್ಕೊಂಡ ಮ್ಯಾಲೆ ಹೆಂಗ ಬಿಟ್ಟು ಕುಂದ್ರತಿ ಯವ್ವಾ?" ಅಂದ ಒಬ್ಬ. ಆ ಹೊತ್ತಿಗೆ ಅಪ್ಪ ಎದ್ದು ನಿಂತ. ಜನರ ನಡುವೆ ಅವನು ಬಾಯಿ ತೆರೆದದ್ದನ್ನು ನಾನು ನೋಡಿರಲಿಲ್ಲ.

"ದಿನಾ ಬೆನ್ನಮ್ಯಾಲೆ ಚೀಲ ಹೊರ್ತೀನಿ. ಎಲ್ಲಾ ಚೀಲದ ಮ್ಯಾಲೂ ಸಾವ್ಕಾರನ ಮಾರ್ಕು ಇರ್ತದ. ನನ್ನ ಮಗಳು ಚೀಲ ಅಲ್ರಿ. ಕೈ ಬಿಡೋ."

ಗಂಡ ಬಿಡಲಿಲ್ಲ. ಅಪ್ಪ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕ್ವಿಂಟಲ್ ಚೀಲ ಎತ್ತುವ ಕೈ ಅದು. ಗಂಡನ ಮುಖ ಬಿಳಿಚಿತು. ಹಿರಿಯರು ಏನೂ ತೀರ್ಮಾನ ಕೊಡದೆ, ಚಹಾ ಮಾತ್ರ ಕುಡಿದು ಎದ್ದು ಹೋದರು.

ಅಪ್ಪ ನನ್ನನ್ನು ರಾಯಚೂರಿಗೆ ಕಳಿಸಿ ಟೀಚರ್ ಟ್ರೈನಿಂಗ್ ಮಾಡಿಸಿದ. ಕೆಲಸವೂ ರಾಯಚೂರಿನಲ್ಲೇ ಸಿಕ್ಕಿತು, ಒಂದು ಪ್ರಾಥಮಿಕ ಶಾಲೆಯಲ್ಲಿ. ಮೊದಲ ದಿನ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದೆ. ಸೆರಗು ಜಾರಿತು. ಆಗಷ್ಟೇ ಅಕ್ಷರ ಕಲಿತಿದ್ದ ಮಕ್ಕಳು ಬೋರ್ಡು ಬಿಟ್ಟು ನನ್ನ ಕೈಯನ್ನು ಕೂಡಿಸಿ ಕೂಡಿಸಿ ಓದತೊಡಗಿದರು. ಆಮೇಲೆ ಇಡೀ ತರಗತಿ ರಾಗವಾಗಿ ಒಟ್ಟಿಗೆ ಓದಿತು. ಒಳ್ಳೆಯ ಮಕ್ಕಳು, ತಪ್ಪಿಲ್ಲದೆ ಓದಿದರು. ಮರುದಿನದಿಂದ ಉದ್ದ ತೋಳಿನ ಕುಪ್ಪಸ ಹಾಕಿದೆ. ರಾಯಚೂರಿನ ಏಪ್ರಿಲ್‌ನಲ್ಲಿ ಉದ್ದ ತೋಳು! ಬೆವರಿಗೆ ಬಟ್ಟೆ ಅಂಟಿ, ತೆಳು ಬಟ್ಟೆಯ ಕೆಳಗಿಂದ ಹಸಿರು ಅಕ್ಷರಗಳು ಮತ್ತೆ ತೇಲಿ ಬರುತ್ತಿದ್ದವು. ಸಹೋದ್ಯೋಗಿ ಹೆಂಗಸರು "ಗಂಡನ ಮ್ಯಾಲೆ ಭಾಳ ಪ್ರೀತಿ ನಮ್ಮ ಟೀಚರಿಗೆ" ಅಂತ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಕವಿತಾಳದ ಒಬ್ಬ ಮುದುಕಿ ಗೇರೆಣ್ಣೆ ಹಚ್ಚಿ ಹಚ್ಚೆ ತೆಗೆಯುತ್ತಾಳೆ ಅಂತ ಅವ್ವನಿಗೆ ಯಾರೋ ಹೇಳಿದರು. ಹೋದೆವು. ಅಗಸರು ಬಟ್ಟೆಗೆ ಗುರುತು ಹಾಕುವ ಕಪ್ಪು ಗೇರುಬೀಜದ ಎಣ್ಣೆಯನ್ನೇ ಅವಳು ಕಡ್ಡಿಯಿಂದ ಅಕ್ಷರಗಳ ಮೇಲೆ ಎಳೆದಳು. ಬೊಬ್ಬೆ ಎದ್ದು, ಕೀವು ತುಂಬಿ, ಕೈ ಬಾತು ಕಂಬವಾಯಿತು. ಜ್ವರ ಬಂತು. ಬೊಬ್ಬೆ ಒಣಗಿ ಉದುರಿದ ಮೇಲೆ ನೋಡಿದರೆ ಗುಲಾಬಿಯ ಒಂದು ಎಸಳು ಹೋಗಿತ್ತು, ಹೆಸರು ಹಾಗೇ ಇತ್ತು.

ರಾಯಚೂರಿನಲ್ಲಿ ತೋರಿಸಿದ ಡಾಕ್ಟರು, ಬೇಕಾದರೆ ಚರ್ಮ ಕತ್ತರಿಸಿ ತೊಡೆಯ ಚರ್ಮ ಹೊಲಿಯಬಹುದು ಅಂದರು. ಆಮೇಲೆ ಕನ್ನಡಕ ತೆಗೆದು, "ಗಂಡನ ಹೆಸರು ತಾನೇ? ಇರಲಿ ಬಿಡಮ್ಮಾ. ನಾಳೆ ರಾಜಿ ಆದರೆ?" ಅಂದರು. ನನ್ನ ಕೈ ತೋರಿಸಲು ಹೋದರೆ ನನ್ನ ಸಂಸಾರ ನೋಡಿ ಕಳಿಸಿದರು.

ಅಷ್ಟು ವರ್ಷ ಸುಮ್ಮನಿದ್ದ ಗಂಡನಿಗೆ ನನ್ನ ಸಂಬಳದ ಸುದ್ದಿ ಹೇಗೋ ತಲುಪಿತು. ಒಂದು ಸಂಜೆ ಶಾಲೆ ಬಿಟ್ಟು ಮನೆಗೆ ಬಂದರೆ ನನ್ನ ಬಾಡಿಗೆ ಕೋಣೆಯ ಬಾಗಿಲು ತೆರೆದಿತ್ತು. ಅವನು ನನ್ನ ಚಾಪೆಯ ಮೇಲೆ ಕಾಲು ಚಾಚಿಕೊಂಡು, ಬೆಳಿಗ್ಗೆ ನಾನು ಮಾಡಿಟ್ಟ ಪಲ್ಯವನ್ನು ಪಾತ್ರೆಯಿಂದಲೇ ತಿನ್ನುತ್ತಿದ್ದ. ಮನೆಯೊಡತಿಯ ಬಳಿ ಓಡಿದೆ.

"ಬಾಗಿಲು ಯಾಕ ತೆಗೆದ್ರಿ?"

"ನಿನ್ನ ಗಂಡ ಅಂದ. ಹೆಸರು ಕೇಳಿದೆ, ಹೇಳಿದ. ನಿನ್ನ ಕೈಮ್ಯಾಲಿಂದೂ ಅದೇ ಹೆಸರು ಅದ. ಮತ್ತ ತೆಗೀಲಾರದ ಏನ್ ಮಾಡ್ಲಿ?"

"ನಾನು ಬಿಟ್ಟಾಕೀನಿ ಅವನ್ನ."

"ಬಿಟ್ಟಾಕಿದ್ರ ಕೈಮ್ಯಾಲೆ ಯಾಕ ಇಟಗೊಂಡೀಯಬೇ?" ಅಂದು ಆಕೆ ಬಾಗಿಲು ಹಾಕಿಕೊಂಡಳು.

ಆ ಹೆಸರು ಬರೀ ಗುರುತಲ್ಲ, ನನ್ನ ಮನೆಯ ಬೀಗದ ಕೈ ಅಂತ ಆಗ ಅರ್ಥವಾಯಿತು. ನಾನು ಸೀದಾ ಶಾಲೆಯ ಜವಾನ ಮತ್ತು ಅವನ ಇಬ್ಬರು ಅಣ್ಣಂದಿರನ್ನು ಕರೆತಂದೆ. ಅವರು ಗಂಡನನ್ನು ಎತ್ತಿ ಬೀದಿಗೆ ಹಾಕಿದರು. ಹೋಗುವಾಗ ಅವನು ಗಟ್ಟಿಯಾಗಿ ಕೂಗಿದ, "ಎಲ್ಲಿ ಹೋದ್ರೂ ನನ್ನ ಹೆಸರು ಹೊತಗೊಂಡೇ ಹೋಗ್ತೀಯಲೇ!" ಅವನು ತಿಂದ ಪಾತ್ರೆಯನ್ನು ತೊಳೆಯಲಿಲ್ಲ, ಎಸೆದೆ.

ಅದೇ ಕಾಲಕ್ಕೆ, ಎಂಬತ್ತರ ದಶಕದ ಕೊನೆಯಲ್ಲಿ, ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಲೇಸರ್ ಎಂಬ ಬೆಳಕಿನಿಂದ ಹಚ್ಚೆ ಸುಡುತ್ತಾರೆಂದು ಪೇಪರಿನಲ್ಲಿ ಓದಿದೆ. ಅವ್ವನನ್ನು ಕರೆದುಕೊಂಡು ರೈಲು ಹತ್ತಿದೆ.

ಅಲ್ಲಿನ ಡಾಕ್ಟರು ನನ್ನ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿ, ಹೆಸರು ಯಾರದೆಂದು ಉರ್ದುವಿನಲ್ಲಿ ಕೇಳಿದರು. ಹೇಳಿದೆ. ಹಾಗಾದರೆ ಯಜಮಾನರನ್ನು ಕರೆದುಕೊಂಡು ಬನ್ನಿ, ಅವರ ಒಪ್ಪಿಗೆ ಬೇಕು ಅಂದರು.

ನಮ್ಮ ರಾಯಚೂರಿನ ಉರ್ದುವಿನಲ್ಲೇ ನಾನು ಕೇಳಿದೆ: "ಚುಚ್ಚುವಾಗ ನನ್ನ ಒಪ್ಪಿಗೆ ಯಾರೂ ಕೇಳಲಿಲ್ಲ. ಸುಡುವಾಗ ಅವನ ಒಪ್ಪಿಗೆ ಯಾಕೆ? ಈ ಕೈ ನೋಯುವುದು ಯಾರಿಗೆ?"

ಡಾಕ್ಟರಿಗೆ ಸಿಟ್ಟು ಬಂತು. ಪಕ್ಕದಲ್ಲಿದ್ದ ನರ್ಸ್ ಬೇರೆಕಡೆ ತಿರುಗಿ ನಕ್ಕಳು. ಬಹುಶಃ ಆ ನಗೆಗೆ ನಾಚಿಯೇ ಅವರು ಒಪ್ಪಿಕೊಂಡರು.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿದರು. ಕೈ ಮರಗಟ್ಟಲು ಇಂಜೆಕ್ಷನ್ ಕೊಟ್ಟರು. ಗೋಡೆಯ ಪಕ್ಕದ ಯಂತ್ರದಿಂದ ಉದ್ದನೆಯ ಲೋಹದ ತೋಳೊಂದು ನನ್ನ ಕೈಮೇಲೆ ಬಗ್ಗಿತು. ಒಂದು ಕೆಂಪು ಚುಕ್ಕೆ ಬಂದು ಮೊದಲ ಅಕ್ಷರದ ಮೇಲೆ ನಿಂತಿತು. ಚಿಟಚಿಟ ಸದ್ದು, ಸಣ್ಣ ಹೊಗೆ. ಕೂದಲು ಸುಟ್ಟಂಥ, ಅದಕ್ಕಿಂತ ಕೆಟ್ಟ ವಾಸನೆ. ಮೂಲೆಯಲ್ಲಿ ಕೂತಿದ್ದ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಸಾಕು ಬಿಡ್ರಿ ಯಪ್ಪಾ, ನನ್ನ ಮಗಳು ಸುಡಾಕತ್ತಾಳ," ಅಂತ ಎದ್ದಳು. ನರ್ಸ್ ಅವಳನ್ನು ಹೊರಗೆ ಕರೆದೊಯ್ದಳು. ನಾನು ಕೈಮೇಲಿಂದ ಕಣ್ಣು ಕೀಳಲಿಲ್ಲ. ಅವನ ಹೆಸರು ಹೊಗೆಯಾಗುವುದನ್ನು ನೋಡಲು ಬಂದವಳು ನಾನು, ಬಿಡುತ್ತೇನೆಯೇ?

ಒಂದೇ ಸಲಕ್ಕೆ ಮುಗಿಯಲಿಲ್ಲ. ಕೆಂಪು ಗುಲಾಬಿ ಬೇಗ ಹೋಯಿತು. ಹಸಿರು ಆಳಕ್ಕಿಳಿದಿತ್ತು, ಮೇಲಿನ ಪದರ ಸುಟ್ಟರೆ ಕೆಳಗೆ ಮತ್ತೆ ಹಸಿರು. ಗಾಯ ಮಾಗಲು ಬಿಟ್ಟು ಬಿಟ್ಟು, ರಜೆ ಸಿಕ್ಕಾಗಲೆಲ್ಲ ಹೋದೆ. ಮರಳುವ ರೈಲಿನಲ್ಲಿ ಮದ್ದಿನ ಅಮಲು ಇಳಿದು ಕೈ ಉರಿಯುತ್ತಿತ್ತು. ಒಂದು ಮಳೆಗಾಲದ ಹೊತ್ತಿಗೆ ಬಣ್ಣವೆಲ್ಲ ಹೋಯಿತು. ಡಾಕ್ಟರು ಸಂತೋಷಪಟ್ಟರು. ನಾನೂ ಪಟ್ಟೆ.

ಕೆಲವು ತಿಂಗಳ ನಂತರ ಬಟ್ಟೆ ಒಗೆಯುತ್ತಿದ್ದೆ. ಸೋಪಿನ ನೊರೆ ಮೊಳಕೈವರೆಗೂ ಹತ್ತಿತ್ತು. ನೀರು ಹಾಕಿ ತೊಳೆದಾಗ ನೊರೆ ಇಳಿಯಿತು, ಆದರೆ ಒಂದು ಕಡೆ ಸಂದುಗಳಲ್ಲಿ ಉಳಿದುಕೊಂಡಿತು. ಬಗ್ಗಿ ನೋಡಿದೆ. ಸುಟ್ಟ ಜಾಗ ದಪ್ಪಗೆ ಉಬ್ಬಿ ಬೆಳೆದಿತ್ತು. ಡಾಕ್ಟರು ಅಕ್ಷರ ತಿದ್ದಿದಂತೆ ಅಕ್ಷರದ ಮೇಲಷ್ಟೇ ಸುಟ್ಟಿದ್ದರು, ಹಾಗಾಗಿ ಅಕ್ಷರದ ಆಕಾರದಲ್ಲೇ ಚರ್ಮ ಉಬ್ಬಿತ್ತು. ಬಣ್ಣವಿಲ್ಲದೆಯೂ ಹೆಸರು ಓದಬಹುದಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದಿತ್ತು. ಸೊಟ್ಟಗಾಗಿದ್ದ ಅಕ್ಷರ ಕೂಡ ಸೊಟ್ಟಗೇ ಇತ್ತು. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅಳುವಿನಲ್ಲಿ ದುಃಖ ಕಡಿಮೆ, ಸಿಟ್ಟೇ ಹೆಚ್ಚು.

ಮತ್ತೆ ಹೈದರಾಬಾದಿಗೆ ಹೋದೆ.

"ಬಣ್ಣ ಪೂರ್ತಿ ಹೋಗಿದೆಯಲ್ಲ. ಕಲೆ ಉಳಿಯುತ್ತದೆ ಅಂತ ಮೊದಲೇ ಹೇಳಿದ್ದೆ," ಅಂದರು ಡಾಕ್ಟರು. ನಿಜ, ಹೇಳಿದ್ದರು.

"ಕಲೆ ಇರಲಿ. ಆದರೆ ಈ ಕಲೆ ಓದಲು ಬರುತ್ತದೆ. ಸುತ್ತಲಿನ ಚರ್ಮವನ್ನೂ ಸುಡಿ. ಎಲ್ಲ ಕೂಡಿಕೊಂಡು ಒಂದೇ ಕಲೆಯಾಗಲಿ."

ಒಳ್ಳೆಯ ಚರ್ಮವನ್ನು ಸುಡುವುದು ವೈದ್ಯಕೀಯವಲ್ಲ ಅಂದರು. ಕೈ ವಿಕಾರವಾಗುತ್ತದೆ, ಹೆಂಗಸು ನೀವು, ಯೋಚನೆ ಮಾಡಿ ಅಂದರು.

"ನೀವು ಮಾಡದಿದ್ದರೆ ಮನೆಯಲ್ಲಿ ಸ್ಟೋವ್ ಇದೆ," ಅಂದೆ.

ನನ್ನ ಮುಖ ನೋಡಿದರು. ಇವಳು ಮಾಡುವವಳೇ ಅಂತ ಅನಿಸಿರಬೇಕು. ಮತ್ತೆ ಕನ್ನಡಕ, ಮತ್ತೆ ಇಂಜೆಕ್ಷನ್. ಈ ಸಲ ಕೆಂಪು ಚುಕ್ಕೆ ಅಕ್ಷರಗಳ ದಾರಿ ಬಿಟ್ಟು, ನಡುವಿನ ಸಂದುಗಳಲ್ಲಿ, ಅಂಚುಗಳಲ್ಲಿ ನೇಗಿಲು ಹೊಡೆದಂತೆ ಅಡ್ಡಡ್ಡ ಓಡಾಡಿತು. ಮಾಗಿದ ಮೇಲೆ ಮಣಿಕಟ್ಟಿನಿಂದ ಮೊಳಕೈವರೆಗೂ ಅಂಗೈ ಅಗಲದ ಒಂದು ದಪ್ಪ ಪಟ್ಟಿ ಉಳಿಯಿತು. ಕೆಲವೆಡೆ ಕಪ್ಪು, ಕೆಲವೆಡೆ ಬಿಳಿ, ಬೇಸಿಗೆಯಲ್ಲಿ ವಿಪರೀತ ತುರಿಕೆ. ನೋಡಲು ಅಸಹ್ಯ. ಓದಲು ಏನೂ ಇಲ್ಲ. ಗಿಡ್ಡ ತೋಳಿನ ಕುಪ್ಪಸ ಹೊಲಿಸಿದೆ.

ಮರುವರ್ಷ ಕವಿತಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವನು ಎದುರಾದ. ಯಾಪಲದಿನ್ನಿಯವಳು ಜೊತೆಗಿದ್ದಳು, ಕಂಕುಳಲ್ಲಿ ಗಂಟು. ಅವನು ಸೀದಾ ಬಂದು, ಹಳೆಯ ರೂಢಿಯಂತೆ ನನ್ನ ಬಲಗೈ ಹಿಡಿದು ತಿರುಗಿಸಿದ. ಓದಲು ಹೋದ. ಏನೂ ಸಿಗದೆ, ಬಿಸಿ ತಗಲಿದವನಂತೆ ಕೈಬಿಟ್ಟ.

"ಏನ್ ಮಾಡ್ಕೊಂಡೀ ಬೇ?"

"ತೊಳಕೊಂಡೆ."

"ನಿನಗ ಒಳ್ಳೇದಾಗಲ್ಲ," ಅಂದ.

"ನೀ ಕೈ ಹಿಡದಾಗಿಂದ ಆಗಿಲ್ಲ. ಈಗ ಆಗ್ತದ."

ಸುತ್ತ ನಿಂತವರು ನೋಡತೊಡಗಿದರು. ಅವನು ಬೀಡಿ ತರುವ ನೆಪದಲ್ಲಿ ಅಂಗಡಿಯ ಕಡೆ ಸರಿದ. ಆಗ ಅವಳು ನನ್ನ ಹತ್ತಿರ ಬಂದಳು. ಗಂಟನ್ನು ಕೆಳಗಿಟ್ಟು, ತನ್ನ ಸೆರಗು ಸರಿಸಿದಳು. ಅವಳ ಕೈಮೇಲೂ ಅದೇ ಹೆಸರು, ಅದೇ ಹಸಿರು.

"ಎಲ್ಲಿ ತೆಗೀತಾರಕ್ಕಾ?" ಅಂದಳು, ತುಟಿ ಅಲುಗಿಸದೆ.

ಅವಳ ಮೇಲೆ ನನಗೆ ಕರುಣೆ ಇರಲಿಲ್ಲ, ಈಗಲೂ ಇಲ್ಲ. ನನ್ನ ಒಲೆಯ ಮುಂದೆ ಬಂದು ಕೂತವಳು ಅವಳು. ಅಕ್ಕ ಅನ್ನಬೇಡ ಅಂತ ಮೊದಲು ಹೇಳಿದೆ. ಆಮೇಲೆ ಊರು, ಆಸ್ಪತ್ರೆ ಇರುವ ಬೀದಿ, ಇಳಿಯಬೇಕಾದ ಸ್ಟೇಷನ್, ಎಲ್ಲ ಹೇಳಿದೆ. ಅಂಗಡಿಯಲ್ಲಿದ್ದವನಿಗೂ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಿದೆ. ಅಕ್ಷರದ ಮೇಲಷ್ಟೇ ಸುಡಿಸಬೇಡ, ಸುತ್ತಲೂ ಸುಡಿಸು ಅಂತಲೂ ಹೇಳಿದೆ.

ಅವಳು ಹೋದಳೋ ಇಲ್ಲವೋ ಗೊತ್ತಿಲ್ಲ, ವಿಚಾರಿಸಲೂ ಇಲ್ಲ. ರಾಯಚೂರಿನ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕೈ ನೋಡಿ ಲೊಚಗುಟ್ಟಿ, "ಸ್ಟೋ ಸಿಡೀತೇನವ್ವಾ?" ಅಂತ ಕೇಳಿದಳು.

"ಇಲ್ಲ. ನಾನೇ ಸುಡಿಸ್ಕೊಂಡೀನಿ," ಅಂದೆ. ಅವಳು ಸ್ವಲ್ಪ ದೂರ ಸರಿದು ಕೂತಳು. ನನಗೂ ಜಾಗ ಆರಾಮಾಯಿತು.