ಮೂವತ್ತೇಳನೆಯ ಲೋಟ

ಜಿನದಾಸ ಬಾಸ್ ಈಗ ಲೋಟ ಕಡೆಯುವುದಿಲ್ಲ. ಮರ ಕೈಗೆತ್ತಿಕೊಂಡರೆ ಸಾಕು, ಹಿಂದೆ ಯಾರೋ ಬಂದು ನಿಂತಂತಾಗುತ್ತದೆ. ತಿರುಗಿದರೆ ಬರೀ ಹೊಟ್ಟು, ಬಿಸಿಲು.

ಬಡಗಿಯನ್ನು ಬಾಸ್ ಎಂದು ಕರೆಯುವ, ಕುರುಣೆಗಾಲ ಪಟ್ಟಣದ ಆಚೆಯ ಆ ಊರುಗಳಲ್ಲಿ ಕೊತಲ ಹಿಂಬುಟು ಬಳ್ಳಿಯ ದಪ್ಪ ಕಾಂಡವನ್ನು ಕಡೆದು ಲೋಟ ಮಾಡುವವನು ಅವನೊಬ್ಬನೇ. ಸಂಜೆ ಅದರಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಂದು ಅಜ್ಜಂದಿರ ಕಾಲದ ನಂಬಿಕೆ. ಅದು ನಿಜವೇ ಎಂದು ಪರೀಕ್ಷಿಸಲು ಹೊರಟ ಡಾಕ್ಟರ್ ನೋನಾ, ಅಂದರೆ ಡಾಕ್ಟರಮ್ಮ, ಎಂಬತ್ತು ಲೋಟ ಕೇಳಿದರು. ನಲವತ್ತು ಅಸಲಿ. ಉಳಿದ ನಲವತ್ತು ಬೇರೆ ಮರದ್ದು, ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿ ಅದೇ ಬಣ್ಣ ಬರಿಸಿದ್ದು. ಪ್ರತಿಯೊಂದರ ತಳಕ್ಕೂ ಒಂದು ಅಂಕಿ.

"ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ ಬಾಸ್. ಈಗ ತಗೊಳ್ತಿರೋ ಶುಗರ್ ಮಾತ್ರೆ ಮಾತ್ರ ಎಲ್ಲರೂ ನುಂಗ್ಲೇಬೇಕು. ನಿಮ್ಮ ಕೈಗೆ ಗೊತ್ತಾದ್ರೂ ಬಾಯಿಗೆ ಗೊತ್ತಾಗಬಾರದು."

"ಬಾಯಲ್ಲಿ ಯಾವಾಗ್ಲೂ ವೀಳ್ಯ ಇರತ್ತೆ ನೋನಾ. ಮಾತಿಗೆ ಜಾಗ ಎಲ್ಲಿ?" ಎಂದಿದ್ದ.

ಮೂವತ್ತೇಳನೆಯದು, ಸಕ್ಕರೆ ಕಾಯಿಲೆಯಿದ್ದ ಅವನ ಅಕ್ಕ ಸೀಲವತಿಯ ಪಾಲಿಗೆ ಬಂತು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಾತ್ರೆ ನುಂಗಿದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಒಂದು ಬೆಳಿಗ್ಗೆ ಅವನು ಹೋದಾಗ ಲೋಟವನ್ನು ಅವನ ಮುಂದಿಟ್ಟಳು.

"ಅಸಲಿಯೋ ಡೂಪ್ಲಿಕೇಟೋ?"

"ಹೇಳಬಾರದು ಅಕ್ಕ."

"ಓಹೋ, ದೊಡ್ಡ ಮನುಷ್ಯ ಆಗಿಬಿಟ್ಟೆ. ನಿನ್ನ ಮೂಗು ಒರೆಸಿದ ಕೈ ಇದು. ಹೇಳಬೇಡ ಹೋಗು. ಮುಟ್ಟಿ ನೋಡು ಸಾಕು."

ಎತ್ತಿಕೊಂಡ. ತಳದಲ್ಲಿ ಬಳ್ಳಿಯ ಸುತ್ತುಗೆರೆಗಳು ಬೆರಳಿಗೆ ಸಿಕ್ಕವು. ಅಸಲಿ. ಅವನ ಮುಖ ನಗುವಿನಿಂದ ಅರಳಿತು. ಐವತ್ತು ವರ್ಷದಿಂದ ಆ ಮುಖವನ್ನು ಬಲ್ಲವಳು ಅಕ್ಕ. ಲೋಟ ಇಸಿದುಕೊಂಡು, ಉಳಿದ ನೀರನ್ನು ಗಟಗಟ ಕುಡಿದು, ಅವನ ತಲೆ ಸವರಿದಳು.

ಎರಡನೆಯ ರಕ್ತಪರೀಕ್ಷೆಯ ದಿನ ಬರುವ ಮೊದಲೇ ಅವಳ ಕಾಲಿನದೊಂದು ಚಿಕ್ಕ ಗಾಯ ಕಪ್ಪಾಗಿ, ಮೈಯೆಲ್ಲ ನಂಜೇರಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ತೀರಿಕೊಂಡಳು.

ಏಳನೆಯ ದಿನದ ದಾನದಲ್ಲಿ ಭಿಕ್ಷುಗಳು ಉಂಡು ಹೊರಟ ಮೇಲೆ, ಅಕ್ಕನ ಮಗಳು ನಿಲ್ಮಿಣಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ತೆರೆದಳು. ಒಳಗೆ ಮಾತ್ರೆಗಳು, ಒಂದೂ ಒಡೆಯದ ಪಟ್ಟಿಗಳು.

"'ಯಾಕಮ್ಮ ನುಂಗಲ್ಲ' ಅಂದ್ರೆ, 'ತಮ್ಮ ಹೇಳಿದಾನೆ, ನಂದು ಅಸಲಿ, ಇನ್ಯಾಕೆ ಆ ವಿಷ' ಅಂತಿದ್ಲು ಮಾಮಾ. ಈ ಲೋಟ ನೀವೇ ಇಟ್ಕೊಳ್ಳಿ."

ಲೋಟ ಅವನ ಕಿಟಕಿಯಲ್ಲಿದೆ. ಸಂಜೆ ಕೈ ತಾನಾಗಿ ನೀರು ತುಂಬುತ್ತದೆ. ಬೆಳಿಗ್ಗೆ ಆ ಕೆಂಗಂದು ನೀರನ್ನು ಕುಡಿಯಲೂ ಆಗದೆ ಚೆಲ್ಲಲೂ ಆಗದೆ ನಿಲ್ಲುತ್ತಾನೆ. ಮುಟ್ಟಿ ನೋಡು ಸಾಕು, ಎನ್ನುತ್ತದೆ ಅಕ್ಕನ ದನಿ.

ಕೊನೆಗೊಂದು ದಿನ ಆಸ್ಪತ್ರೆಗೆ ಹೋಗಿ ಲೋಟವನ್ನು ಮೇಜಿನ ಮೇಲಿಟ್ಟ.

"ಮೂವತ್ತೇಳನ್ನ ನಿಮ್ಮ ಪರೀಕ್ಷೆಯಿಂದ ತೆಗೆದುಬಿಡಿ ನೋನಾ. ನಾನು ಹೇಳಿಬಿಟ್ಟಿದ್ದೆ."

ಡಾಕ್ಟರ್ ಲೋಟವನ್ನು ಮಗುಚಿ ತಳದ ಅಂಕಿ ನೋಡಿದರು. "ಏನಂತ ಹೇಳಿದ್ರಿ ಬಾಸ್?"

"ಏನೂ ಇಲ್ಲ" ಎಂದ. "ನಕ್ಕೆ."