ಆಲೂಗಡ್ಡೆ ಇಲ್ಲದ ಮನೆ

"ಹನ್ನೆರಡನೇ ದಿನದವರೆಗೆ ನಮ್ಮದೇ ಲೆಕ್ಕ ರಾಯರೇ. ಬಾಳೆಕಾಯಿ, ಸುವರ್ಣಗೆಡ್ಡೆ, ಗೋರಿಕಾಯಿ, ಹಾಗಲಕಾಯಿ. ಅದನ್ನ ನೀವು ಹೇಳೋದೇ ಬೇಡ. ಆದ್ರೆ ಹದಿಮೂರನೇ ದಿನ ಹೋದವರಿಗೆ ಇಷ್ಟವಾದದ್ದು ಒಂದಾದ್ರೂ ಎಲೆ ಮೇಲೆ ಬೀಳ್ಬೇಕು. ಅಮ್ಮಾವ್ರಿಗೆ ಏನಿಷ್ಟ ಇತ್ತು, ಹೇಳಿ."

ಗುಬ್ಬಿಯಿಂದ ಬಂದಿದ್ದ ಅಡುಗೆಯ ಸೀತಾರಾಮಯ್ಯನವರು ಹೀಗೆ ಕೇಳಿದಾಗ ಶ್ರೀಕರ ನಡುಮನೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಹೆಂಡತಿ ಅಪರ್ಣ ಹೋಗಿ ವಾರ ಕಳೆದಿತ್ತು. ಪಕ್ಕದ ಕುರ್ಚಿಯಲ್ಲಿ ಅವರ ತಾಯಿ ತುಳಸಮ್ಮ, ಅವರ ಕಾಲ ಬಳಿ ನೆಲದ ಮೇಲೆ ಸುಮನಾ. ಕುಣಿಗಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಅಪರ್ಣ ವಿಜ್ಞಾನದ ಮೇಡಂ, ಸುಮನಾ ಕನ್ನಡದ ಮೇಡಂ. ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ತುಮಕೂರಿಗೆ ಬಂದು ಈ ಮನೆಯಲ್ಲಿ ಸುಮ್ಮನೆ ಕೂತು ಹೋಗುವುದು ಸುಮನಾಗೆ ಈ ವಾರದ ರೂಢಿಯಾಗಿತ್ತು.

ಶ್ರೀಕರ ಯೋಚಿಸಲೇ ಇಲ್ಲ. "ನವಿಲುಕೋಸು. ನವಿಲುಕೋಸಿನ ಪಲ್ಯ ಮಾಡಿ. ದಿನ ಬಿಟ್ಟು ದಿನ ಅದನ್ನೇ ಮಾಡ್ತಿದ್ಲು. ಅವಳಿಗೆ ಅದಂದ್ರೆ ಪ್ರಾಣ."

ಸುಮನಾಗೆ ಮೊದಲು ನಗು ಬಂತು. ಅದು ಗಂಟಲಿನವರೆಗೆ ಬಂದು ಅಲ್ಲಿ ಅಳುವಾಯಿತು. ಸೆರಗನ್ನು ಬಾಯಿಗೊತ್ತಿಕೊಂಡು ತಲೆ ತಗ್ಗಿಸಿದಳು. ಅಪರ್ಣಳಿಗೆ ನವಿಲುಕೋಸನ್ನು ಕಂಡರಾಗುತ್ತಿರಲಿಲ್ಲ. "ಅದು ತರಕಾರಿ ಅಲ್ಲ ಕಣೇ, ತರಕಾರಿ ತೊಳೆದ ನೀರು ಗಟ್ಟಿಯಾಗಿರೋದು" ಎನ್ನುತ್ತಿದ್ದಳು. ಅವಳ ಪ್ರಾಣವಿದ್ದದ್ದು ಆಲೂಗಡ್ಡೆಯಲ್ಲಿ. ಅದು ಗೊತ್ತಿದ್ದವಳು ಸುಮನಾ. ಹೇಳಬೇಡ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದವಳು ಈಗ ಇರಲಿಲ್ಲ.

ಆ ಮನೆಯಿಂದ ಆಲೂಗಡ್ಡೆ ಹೊರಬಿದ್ದ ದಿನ ಸುಮನಾಗೆ ಚೆನ್ನಾಗಿ ನೆನಪಿದೆ, ಮರುದಿನ ಸ್ಟಾಫ್‌ರೂಮಿನಲ್ಲಿ ಅಪರ್ಣ ಅದನ್ನು ಅಭಿನಯಿಸಿ ತೋರಿಸಿದ್ದಳು. ಶ್ರೀಕರ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಆರೋಗ್ಯ ತಪಾಸಣೆ ನಡೆದಾಗ ಶುಗರ್ ಇದೆಯೆಂದು ತಿಳಿಯಿತು. ಅನ್ನ ಅರ್ಧ ಮಾಡಿ, ಆಲೂಗಡ್ಡೆ ಬಿಟ್ಟುಬಿಡಿ ಎಂದರು ಡಾಕ್ಟರು. ಅನ್ನ ಅರ್ಧ ಮಾಡಲು ಶ್ರೀಕರ ತಕರಾರಿಲ್ಲದೆ ಒಪ್ಪಿದರು. ಆದರೆ ಸಂಜೆ ಕೆಲಸದಿಂದ ಬಂದವರಿಗೆ ಪೂರಿಯ ಜೊತೆ ಹಳದಿ ಹಳದಿಯಾಗಿ ಮುದ್ದೆಯಾದ ಆಲೂಗಡ್ಡೆ ಪಲ್ಯ, ಮಳೆ ಬಂದರೆ ಬೋಂಡ, ಭಾನುವಾರ ಸಾರನ್ನಕ್ಕೆ ಗರಿಗರಿಯಾಗಿ ಹುರಿದದ್ದು, ಇಷ್ಟಿಲ್ಲದೆ ಮನೆಗೆ ಬಂದಂತೆಯೇ ಅನ್ನಿಸುತ್ತಿರಲಿಲ್ಲ. ಮೊದಲ ದಿನ ಅಪರ್ಣ ಅವರಿಗೆ ಬೇರೆಯಾಗಿ ಹೀರೇಕಾಯಿ ಪಲ್ಯ ಮಾಡಿ, ತನಗೂ ಅತ್ತೆಗೂ ಆಲೂಗಡ್ಡೆ ಬಡಿಸಿಕೊಂಡಳು. ಶ್ರೀಕರ ಮೂರೂ ತಟ್ಟೆಗಳನ್ನು ನೋಡಿದರು.

"ನಾನೇನು ಆಸ್ಪತ್ರೆ ವಾರ್ಡಲ್ಲಿ ಇದೀನಾ? ನೀವು ತಿನ್ನಿ, ನಾನು ನೋಡ್ಕೊಂಡು ಕೂತಿರ್ತೀನಿ" ಎಂದು ಎದ್ದುಹೋದರು. ಊಟ ಮಾಡಲಿಲ್ಲ.

ಬೆಳಗ್ಗೆ ಅಪರ್ಣ ಬುಟ್ಟಿಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ಹೂ ಮಾರುವವಳ ಮಡಿಲಿಗೆ ಸುರಿದು ಒಳಗೆ ಬಂದಳು. "ಇನ್ಮೇಲೆ ಈ ಮನೇಲಿ ಎಲ್ಲಾರಿಗೂ ಒಂದೇ ಪಲ್ಯ."

"ನಂಗೇನೇ ಬಂದಿದೆ ರೋಗ?" ಎಂದರು ತುಳಸಮ್ಮ.

"ನಿಮ್ಗೆ ಮಗ ಬಂದಿದಾನಲ್ಲ ಅತ್ತೆ, ಸಾಕು."

ಆಲೂಗಡ್ಡೆಗೆ ಬದಲು ಏನೆಂದು ಅವಳು ಹೆಚ್ಚು ಹುಡುಕಲಿಲ್ಲ. ಬಾಳೆಕಾಯಿ, ಸುವರ್ಣಗೆಡ್ಡೆ. ತಿಥಿಯ ದಿನ ಹಿರಿಯರಿಗೆ ಬಡಿಸುವ ತರಕಾರಿ ಇವು, ಆಲೂಗಡ್ಡೆ ಆ ದಿನ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಪಿತೃಗಳಿಗೆ ಆಗುವುದು ಗಂಡನಿಗೆ ಆಗದೇ ಇರುತ್ತದೆಯೇ? ಶ್ರೀಕರ ಸಂತೋಷವಾಗಿ ತಿಂದರು. ಮುಂದಿನ ಸಲ ರಕ್ತ ಕೊಟ್ಟು ಬಂದಾಗ ಶುಗರ್ ಮೊದಲಿಗಿಂತ ಮೇಲೇರಿತ್ತು.

ಅವಳು ಮುಖ ಸಣ್ಣ ಮಾಡಿಕೊಂಡು ಇದನ್ನು ಹೇಳಿದಾಗ ಸುಮನಾ ಬಿಡಲಿಲ್ಲ. "ಏನ್ ಸೈನ್ಸ್ ಮೇಡಂ, ಪಿಷ್ಟ ಎಲ್ಲಿದೆ ಅಂತ ಮಕ್ಕಳಿಗೆ ಅಯೋಡಿನ್ ಹಾಕಿ ತೋರಿಸ್ತೀಯಲ್ಲ, ಮನೆ ಬಾಳೆಕಾಯಿಗೆ ಒಂದು ತೊಟ್ಟು ಹಾಕೋಕೆ ಏನಾಗಿತ್ತು ನಿಂಗೆ?"

ಅಪರ್ಣ ಅವಳನ್ನೇ ನೋಡಿದಳು. ಮರುದಿನ ಚೀಲದ ತುಂಬ ತರಕಾರಿ ಹೊತ್ತು ತಂದಳು. ಪಾಠವೆಲ್ಲ ಮುಗಿದ ಮೇಲೆ ಪ್ರಯೋಗಾಲಯದ ಮೇಜಿನ ಮೇಲೆ ಒಂದೊಂದು ಹೋಳು ಜೋಡಿಸಿ, ಒಂದೊಂದಕ್ಕೂ ಅಯೋಡಿನ್ ಬಿಟ್ಟಳು. ಬಾಳೆಕಾಯಿ ಮಸಿಯಾಯಿತು. ಸುವರ್ಣಗೆಡ್ಡೆಯೂ ಮಸಿ, ಗೆಣಸೂ ಮಸಿ. ಮೂಲಂಗಿ, ಹೂಕೋಸು, ಸೀಮೆಬದನೆ, ನವಿಲುಕೋಸು ಮಾತ್ರ ಹೆಚ್ಚು ಕಡಿಮೆ ಟೀ ಬಣ್ಣದಲ್ಲೇ ಉಳಿದವು.

"ಅಯ್ಯೋ, ಇವೇ ಉಳಿದ್ವಾ?" ಎಂದಳು. "ಇವಕ್ಕೆ ರುಚಿ ಅಂತ ಇದ್ರೆ ತಾನೇ?"

ಅವಳ ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು. ಬೇಯಿಸಿದ ನವಿಲುಕೋಸು ಪೂರಿಯ ಕೆಳಗೆ ನೀರು ಬಿಟ್ಟುಕೊಂಡು ಕೂರುತ್ತಿತ್ತು. ಹೂಕೋಸನ್ನು ನೀರಲ್ಲಿ ಬೇಯಿಸಿದರೆ ಗಂಜಿಯಾಗುತ್ತಿತ್ತು. ಮೂಲಂಗಿಯ ಬಗ್ಗೆ ತುಳಸಮ್ಮ ಒಂದೇ ಮಾತು ಹೇಳಿದರು. "ವೇಷ ಹಾಕಿದ್ರೆ ಕಣ್ಣು ನಂಬುತ್ತೆ, ಮೂಗು ನಂಬುತ್ತಾ?"

ಅಪರ್ಣ ಸೋಲುವ ಜಾತಿಯವಳಲ್ಲ. ನವಿಲುಕೋಸನ್ನು ಬೇಯಿಸಿ, ತೆಳ್ಳನೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡುವುದನ್ನು ಕಲಿತಳು. ಹೂಕೋಸನ್ನು ಆವಿಯಲ್ಲಿ ಬೇಯಿಸಿ, ಕಿವುಚಿ, ಕಬ್ಬಿಣದ ಬಾಣಲೆಯಲ್ಲಿ ಒಣಗಿಸಿ, ಎರಡನ್ನೂ ಸೇರಿಸಿದಳು. ಆಲೂಗಡ್ಡೆಯ ಅಂಟು ಬರಲಿಲ್ಲ. ಕಡಲೆಕಾಯಿ ಹುರಿದು ಪುಡಿ ಮಾಡಿ ಹಾಕಿದಳು, ಅಂಟು ಬಂತು. ಶುಂಠಿ, ಹಸಿಮೆಣಸಿನಕಾಯಿ, ಉದ್ದಿನಬೇಳೆ ಒಗ್ಗರಣೆ, ಅರಿಶಿನ, ಕೊನೆಗೆ ನಿಂಬೆಹುಳಿ, ಇವೆಲ್ಲ ಹಳೆಯವೇ. ಹುರಿಯುವುದಕ್ಕೆ ಮೂಲಂಗಿಯ ಹೋಳುಗಳನ್ನು ಅರೆಬೇಯಿಸಿ, ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಕೆಳಗೆ ಒಣಗಿಸಿ, ಸಾರಿನ ಪುಡಿ ಉದುರಿಸಿ ಕೆಂಪಗೆ ಮಾಡುತ್ತಿದ್ದಳು. ಆಗ ಮೂಲಂಗಿ ತನ್ನ ವಾಸನೆ ಮರೆತು ತುಸು ಸಿಹಿಯಾಗುತ್ತಿತ್ತು. ಸಾಗುವಿಗೆ ಸೀಮೆಬದನೆ. ಎಳೆಯ ನವಿಲುಕೋಸು ಸುಮನಾಳ ತವರಿನಿಂದ ಬರುತ್ತಿತ್ತು. ಅವಳ ಅಣ್ಣ ಮಾರ್ಕೋನಹಳ್ಳಿ ನಾಲೆಯ ಕೆಳಗೆ ತರಕಾರಿ ಬೆಳೆಯುತ್ತಿದ್ದ.

ಒಂದು ಸಂಜೆ ಶ್ರೀಕರ ಎರಡನೇ ಸಲ ಪಲ್ಯ ಹಾಕಿಸಿಕೊಂಡು, ತಲೆ ಎತ್ತದೆ, "ಇದು ಆಲೂಗಡ್ಡೆ ಅಲ್ಲ. ಆದ್ರೆ ಪರವಾಗಿಲ್ಲ ಕಣೇ" ಎಂದರಂತೆ. ಮರುದಿನ ಅಪರ್ಣ ಇಡೀ ಶಾಲೆಗೆ ಪೇಡ ಹಂಚಿದಳು. ಯಾಕೆಂದು ಕೇಳಿದವರಿಗೆ "ನಮ್ಮನೇಲಿ ಒಬ್ರು ಪಾಸಾದ್ರು" ಎಂದಳು. ಆಮೇಲೆ ನಿಧಾನವಾಗಿ ಶುಗರ್ ಇಳಿಯಿತು, ಶ್ರೀಕರರ ಕಾಲ್ಬೆರಳಿನಲ್ಲಿ ಮಾಯದೆ ಕಾಡಿದ್ದ ಹುಣ್ಣು ಒಣಗಿತು. ಗಂಡ ಹೆಂಡತಿ ಅತ್ತೆ ಮೂವರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡರು.

ಆದರೆ ಅಪರ್ಣಳ ನಾಲಿಗೆ ಮಾತ್ರ ಪಾಸಾಗಲಿಲ್ಲ. ಅವಳು ಗುಬ್ಬಿಯವಳು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದಾಗ ಅವಳಮ್ಮ ಗೋಲಿಯಂಥ ಪುಟ್ಟ ಆಲೂಗಡ್ಡೆಗಳನ್ನು ಸಿಪ್ಪೆ ಸಮೇತ ಬಾಣಲೆಯಲ್ಲಿ ಹೊರಳಾಡಿಸಿ, ಉಪ್ಪು ಖಾರ ಹಾಕಿ ಕೈಗೆ ಕೊಡುತ್ತಿದ್ದರಂತೆ. ಬಿಸಿ ತಡೆಯದೆ ಕೈಯಿಂದ ಕೈಗೆ ಎಸೆದುಕೊಂಡು ತಿನ್ನುವುದು. ಒಂದು ಮಧ್ಯಾಹ್ನ ಸುಮನಾ ಡಬ್ಬಿ ತೆಗೆದಾಗ ಅದರಲ್ಲಿ ಅಂಥದೇ ಪುಟ್ಟ ಆಲೂಗಡ್ಡೆಗಳಿದ್ದವು, ಸಂತೆಯಲ್ಲಿ ಸಿಕ್ಕಿದ್ದವು. ಅಪರ್ಣ ಡಬ್ಬಿಯನ್ನು ನೋಡಿದಳು. ಸುಮನಾ ಅಪರ್ಣಳನ್ನು ನೋಡಿದಳು. ಡಬ್ಬಿಗಳು ಅದಲು ಬದಲಾದವು.

ಆಮೇಲೆ ಅದೇ ಪದ್ಧತಿಯಾಯಿತು. ಒಂಬತ್ತು ವರ್ಷ ಸುಮನಾ ನವಿಲುಕೋಸು ತಿಂದಳು, ಅಪರ್ಣ ಆಲೂಗಡ್ಡೆ ತಿಂದಳು. "ಸಕ್ಕರೆ ಕಾಯಿಲೆ ತುಮಕೂರಲ್ಲಿ, ಪಥ್ಯ ಕುಣಿಗಲ್ಲಲ್ಲಿ" ಎಂದು ಹೆಡ್‌ಮಾಸ್ಟರ್ ಷಡಕ್ಷರಿ ಸರ್ ನಗುತ್ತಿದ್ದರು. ನಿಜಕ್ಕೂ ಸುಮನಾ ತೆಳ್ಳಗಾದಳು, ರವಿಕೆಗಳನ್ನು ಹಿಡಿಸಬೇಕಾಯಿತು.

"ಮನೇಲೇ ಒಂದಿಷ್ಟು ಮಾಡ್ಕೊಂಡು ತಿನ್ಬಾರ್ದೇನೇ?" ಎಂದು ಸುಮನಾ ಒಮ್ಮೆ ಕೇಳಿದ್ದಳು.

"ಗೊತ್ತಾದ್ರೆ ಅವ್ರೂ ಹಾಗೇ ಅಂತಾರೆ. ನೀನು ಮಾಡ್ಕೊಂಡು ತಿನ್ನು, ನಂಗೇನೂ ಬೇಜಾರಿಲ್ಲ ಅಂತ. ಆಮೇಲೆ ಮತ್ತೆ ತಟ್ಟೆ ಬೇರೆ ಬೇರೆ ಆಗುತ್ತೆ. ಅವತ್ತು ಎದ್ದು ಹೋದ್ರಲ್ಲ, ಆ ಬೆನ್ನು ನೋಡೋಕೆ ನನ್ನ ಕೈಲಿ ಆಗಲ್ಲ. ನೀನು ಹೇಳ್ಬೇಡ, ಆಯ್ತಾ?"

"ಏನು ತ್ಯಾಗಮ್ಮಾ ನಿಂದು!"

"ಕನ್ನಡದ ಮೇಡಂಗಳಿಗೆ ಇದೊಂದು ಚಾಳಿ ಕಣೇ. ತ್ಯಾಗ ಎಲ್ಲಿ ಬಂತು? ತಿಂತಾ ಕೂತಿಲ್ವಾ ಇಲ್ಲಿ?" ಎಂದು ಬೆರಳು ನೆಕ್ಕಿಕೊಂಡಳು. ಬಸ್ಸಿನ ಹೊತ್ತಾದಾಗ ಪರ್ಸಿನಿಂದ ಒಂದು ಚಿಟಿಕೆ ಸೋಂಪು ತೆಗೆದು ಬಾಯಿಗೆ ಹಾಕಿಕೊಂಡಳು. ಅದು ದಿನದ ಕೊನೆಯ ಕೆಲಸ.

ಅವಳು ಹೋದದ್ದು ಒಂದು ಭಾನುವಾರ. ಬೆಳಗ್ಗೆ ಕಾಯಿ ತುರಿಯುತ್ತಾ ತಲೆನೋವು ಎಂದವಳು ಸಂಜೆಯ ಹೊತ್ತಿಗೆ ಇರಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಎಂದರು. ಸೋಮವಾರ ಸುಮನಾ ಮಾಡಲೆಂದು ತೊಳೆದಿಟ್ಟಿದ್ದ ಪುಟ್ಟ ಆಲೂಗಡ್ಡೆಗಳು ಕುಣಿಗಲ್ಲಿನ ಮನೆಯ ಜರಡಿಯಲ್ಲಿ ಹಾಗೇ ಉಳಿದು ಮೊಳಕೆ ಬಿಟ್ಟವು. ಎಸೆಯಲು ಅವಳಿಗೆ ಇನ್ನೂ ಕೈ ಬಂದಿರಲಿಲ್ಲ.

"ನವಿಲುಕೋಸಾ?" ಸೀತಾರಾಮಯ್ಯನವರು ಹುಬ್ಬೇರಿಸಿದರು. "ಆಗಲಿ. ಅಮ್ಮಾವ್ರ ಇಷ್ಟ." ಪಾತ್ರೆಗಳನ್ನು ನೋಡಲು ಹಿತ್ತಲಿಗೆ ಹೋದರು.

ಸುಮನಾ ನೆಲವನ್ನೇ ನೋಡುತ್ತಾ ಕೂತಳು. ಹೇಳಬೇಡ ಎಂದಿದ್ದಳು ಅಪರ್ಣ. ಹೇಳಿದರೆ ಈ ಮನುಷ್ಯ, ಈಗಲೇ ಹೀಗೆ ಕುಸಿದಿರುವವರು, ಒಂಬತ್ತು ವರ್ಷದ ಒಂದೊಂದು ತುತ್ತನ್ನೂ ಮತ್ತೆ ನೆನೆದು ಸಂಕಟಪಡುತ್ತಾರೆ. ಹೇಳದಿದ್ದರೆ ಅಪರ್ಣಳ ಹೆಸರಿನಲ್ಲಿ ಹಾಕುವ ಎಲೆಯ ಮೇಲೆ ನವಿಲುಕೋಸು ಬೀಳುತ್ತದೆ. ಅವಳಿಗಾಗಿಯೇ ಬಡಿಸುವ ಊಟದಲ್ಲೂ ಅವಳು ಗಂಡನ ಪಥ್ಯವನ್ನೇ ತಿನ್ನಬೇಕು. ಅಲ್ಲಿ ಡಬ್ಬಿ ಬದಲಾಯಿಸಿಕೊಳ್ಳಲು ಯಾರಿರುತ್ತಾರೆ? ಈ ಯೋಚನೆ ಬಂದ ಮೇಲೆ ಸುಮನಾಗೆ ಸುಮ್ಮನಿರಲಾಗಲಿಲ್ಲ.

"ಸರ್," ಎಂದಳು. "ಅವಳಿಗೆ ನವಿಲುಕೋಸು ಸೇರ್ತಿರ್ಲಿಲ್ಲ."

ಶ್ರೀಕರ ತಲೆ ಎತ್ತಿದರು.

ಡಬ್ಬಿಯ ವಿಷಯ, ಪುಟ್ಟ ಆಲೂಗಡ್ಡೆಯ ವಿಷಯ, ಸೋಂಪಿನ ವಿಷಯ, ಎಲ್ಲವನ್ನೂ ಹೇಳಿದಳು. ಎದ್ದುಹೋದ ಬೆನ್ನಿನ ಮಾತನ್ನು ಮಾತ್ರ ಹೇಳಲಿಲ್ಲ. ಅದು ಅಪರ್ಣಳ ಬಳಿಯೇ ಇರಲಿ ಎನ್ನಿಸಿತು.

"ನಂಗ್ಯಾಕೆ ಹೇಳ್ಲಿಲ್ಲ ಅವ್ಳು?"

"ಹೇಳಿದ್ರೆ ತಿನ್ನು ಅಂತಿದ್ರಿ ನೀವು. ಅವ್ಳಿಗೆ ನಿಮ್ ಜೊತೆ ಒಂದೇ ಪಾತ್ರೇಲಿ ತಿನ್ಬೇಕಿತ್ತು."

ಕುರ್ಚಿಯಿಂದ ತುಳಸಮ್ಮನವರ ದನಿ ಬಂತು. "ನಂಗೆ ಗೊತ್ತಿತ್ತು. ದಿನಾ ಸೋಂಪು ಅಗೀತಾ ಬಂದ್ರೆ ನನ್ನ ಮೂಗೇನು ಸತ್ತಿದೆಯಾ? ಹಾಳಾದವಳು, ನಂಗೂ ಒಂದು ಚೂರು ಡಬ್ಬೀಲಿ ಉಳಿಸ್ಕೊಂಡು ಬರ್ಬಾರ್ದಿತ್ತಾ" ಎಂದವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಶ್ರೀಕರ ಎದ್ದು ಹೋಗಿ ತಾಯಿಯ ಭುಜ ಹಿಡಿದುಕೊಂಡರು. ಅಪರ್ಣ ಹೋದ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಹದಿಮೂರನೆಯ ದಿನಕ್ಕೆ ಬೇಕಾದ ಆಲೂಗಡ್ಡೆಯನ್ನು ಶ್ರೀಕರ ಬೇರೆಯವರಿಂದ ತರಿಸಲಿಲ್ಲ. ತಾವೇ ಮಾರುಕಟ್ಟೆಗೆ ಹೋಗಿ, ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗೋಲಿಯಂಥವನ್ನೇ ಒಂದೊಂದಾಗಿ ಆರಿಸಿ ತಂದರು. ಅಂಗಡಿಯವನು "ಸ್ವಾಮಿ, ಮುತ್ತು ಆರಿಸ್ತಿದೀರೋ, ಆಲೂಗಡ್ಡೆನೋ?" ಎಂದು ಕೇಳಿದನಂತೆ. ಸೀತಾರಾಮಯ್ಯನವರು ಅವನ್ನು ಸಿಪ್ಪೆ ಸಮೇತ ಹುರಿದರು. "ಸಿಪ್ಪೆ ತೆಗೀದೆ ಸಮಾರಾಧನೆಗೆ ಹಾಕಿದ್ದು ನನ್ನ ಸರ್ವೀಸಲ್ಲೇ ಇಲ್ಲ" ಎಂದು ಗೊಣಗಿದರೂ ಹುರಿದದ್ದು ಚೆನ್ನಾಗಿತ್ತು.

ಅಪರ್ಣಳ ಎಲೆಗೆ ಅದು ಮೊದಲು ಬಿತ್ತು. ಬಡಿಸಿದವರು ಶ್ರೀಕರ. ಒಂದು ಸೌಟು ಹಾಕಿದರು, ನಿಂತು ನೋಡಿದರು, ಇನ್ನೊಂದು ಸೌಟು ಹಾಕಿದರು.

ಊಟಕ್ಕೆ ಎಲ್ಲರೂ ಕೂತಾಗ ಸುಮನಾಳ ಎಲೆಗೂ ಆಲೂಗಡ್ಡೆ ಬಂತು. ತುಳಸಮ್ಮ ಪಕ್ಕದಲ್ಲಿ ಕೂತು ಒಂದೊಂದನ್ನೇ ವಸಡಿನಲ್ಲಿ ಒತ್ತಿ ತಿನ್ನುತ್ತಿದ್ದರು. ಸುಮನಾ ಒಂದನ್ನು ಕೈಗೆತ್ತಿಕೊಂಡಳು, ಬಾಯಿಗಿಡಲು ಆಗಲಿಲ್ಲ. ಒಂಬತ್ತು ವರ್ಷ ಇದು ಅವಳ ಪಾಲಿನದಾಗಿರಲಿಲ್ಲ. ಅಷ್ಟರಲ್ಲಿ ಶ್ರೀಕರ ಒಂದು ಸಣ್ಣ ಪಾತ್ರೆ ಹಿಡಿದು ಬಂದರು.

"ಇದು ನಾನು ಮಾಡಿದ್ದು. ಸೀತಾರಾಮಯ್ಯನವ್ರು ಒಲೆ ಹತ್ರ ಸೇರಿಸ್ಲಿಲ್ಲ, ಹಿತ್ತಲಲ್ಲಿ ಗ್ಯಾಸ್ ಇಟ್ಕೊಂಡು ಮಾಡ್ದೆ. ನಂಗೆ ಅಂತ. ನೀವು ಸ್ವಲ್ಪ ನೋಡ್ತೀರಾ?"

ನವಿಲುಕೋಸಿನ ಪಲ್ಯ. ಎಲೆಗೆ ಬಿದ್ದ ಕೂಡಲೇ ಅದರಿಂದ ಹಳದಿ ನೀರು ಹರಿದು ಪಾಯಸದ ಕಡೆ ಹೊರಟಿತು. ಸುಮನಾ ಬೇಗನೆ ಅನ್ನದಿಂದ ಒಡ್ಡು ಕಟ್ಟಿದಳು.

"ಹಿಂಡ್ಬೇಕು ಸರ್. ಬೇಯಿಸಿದ ಮೇಲೆ ಬಟ್ಟೇಲಿ ಕಟ್ಟಿ ಹಿಂಡ್ಬೇಕು. ಪಂಚೆ ಬಟ್ಟೆ, ತೆಳ್ಳಂದು. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿರ್ತಿದ್ಲು."

"ಅದಾ? ನಾನು ಕೈ ಒರೆಸೋ ಬಟ್ಟೆ ಅಂದ್ಕೊಂಡಿದ್ದೆ" ಎಂದರು ಶ್ರೀಕರ.

ಸುಮನಾ ತನ್ನ ಎಲೆಯ ಆಲೂಗಡ್ಡೆಯನ್ನೆಲ್ಲ ತುಳಸಮ್ಮನವರ ಎಲೆಗೆ ಸರಿಸಿದಳು. "ಉಪ್ಪು ಸರಿಯಾಗಿದೆ ಸರ್. ಇನ್ನೊಂಚೂರು ಹಾಕಿ" ಎಂದು ಕೈ ತೋರಿದಳು.